ಬೆಚ್ಚಗಿನ ಗೋಡೆ

ಗೋಡೆ ಬೆಚ್ಚಗಿತ್ತು.

ಅವಳು ಅಂಗೈಯನ್ನು ಹಾಗೇ ಒತ್ತಿ ಹಿಡಿದಳು. ಮೋಡ ಕವಿದ ಬೆಳಗು, ಬಿಸಿಲಿನ ಸುಳಿವೇ ಇಲ್ಲ. ಲಾರಿಯ ಕಬ್ಬಿಣದ ಅಂಚು ಮುಟ್ಟಿದರೆ ಬೆರಳು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅದೇ ಲಾರಿಯ ಮೇಲೆ ಮರದ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದ್ದ ಕಾಂಕ್ರೀಟ್ ಗೋಡೆ ಮಾತ್ರ ಈಗಷ್ಟೇ ಹಾಸಿಗೆಯಿಂದ ಎದ್ದ ಮಗುವಿನ ಬೆನ್ನಿನ ಹಾಗಿತ್ತು. ಪಕ್ಕದ ಗೋಡೆಯನ್ನೂ ಮುಟ್ಟಿ ನೋಡಿದಳು. ಅದೂ ಅಷ್ಟೇ.

"ಏನ್ ಮೇಡಂ, ಜ್ವರ ನೋಡ್ತಿದ್ದೀರಾ?" ಎಂದ ಸೈಟಿನ ಸೂಪರ್‌ವೈಸರ್. ಹತ್ತಿರದಲ್ಲಿ ನಿಂತಿದ್ದ ಕೆಲಸದವರು ನಕ್ಕರು.

"ಯಾವಾಗ ಬಂತು ಇದು?"

"ಈಗ್ಲೇ. ಅಚ್ಚಿಂದ ತೆಗೆದವರೇ ಸೀದಾ ಲಾರಿ ಹತ್ತಿಸಿಬಿಟ್ಟಿದ್ದಾರೆ. ಮುಂಚೆ ಎಲ್ಲ ನಾಲ್ಕು ದಿನ ಅಂಗಳದಲ್ಲಿ ಇಟ್ಟು ಕಳಿಸೋರು. ಈಗ ಬೇಕರಿಯಿಂದ ಬನ್ನು ಬಂದ ಹಾಗೆ ಬರುತ್ತೆ, ಬಿಸಿಬಿಸಿ."

ಅವಳೂ ನಕ್ಕಳು. ಆದರೆ ನಗು ತುಟಿ ದಾಟಲಿಲ್ಲ. ಏನೋ ಒಂದು ಸರಿಯಿಲ್ಲ ಅನ್ನಿಸಿತು. ಏನು ಎಂದು ಕೇಳಿದರೆ ಹೇಳಲು ಅವಳಿಗೂ ಬರುತ್ತಿರಲಿಲ್ಲ. ಆಗಷ್ಟೇ ಅಚ್ಚಿನಿಂದ ತೆಗೆದ ಗೋಡೆ ಬೆಚ್ಚಗಿರುವುದು ಸಹಜವೇ. ಹಾಗಿದ್ದೂ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಆ ಬಿಸಿ ದಿನವಿಡೀ ಅವಳನ್ನು ಕಾಡಿತು.

ಸೈಟುಗಳಲ್ಲಿ ಅವಳಿಗೆ ಹೊಗೆ ಮೇಡಂ ಎಂದೇ ಹೆಸರು. ಒಂದು ಕಟ್ಟಡ ಏಳುವಾಗ ಸಿಮೆಂಟಿನಿಂದ, ಉಕ್ಕಿನಿಂದ, ಲಾರಿಗಳ ಓಡಾಟದಿಂದ ಎಷ್ಟು ಇಂಗಾಲ ಗಾಳಿಗೆ ಹೋಗುತ್ತದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಕಣ್ಣಿಗೆ ಕಾಣದ್ದನ್ನು ತೂಗುವವಳು ಎಂದು ಮೇಸ್ತ್ರಿಗಳು ಹಿಂದಿನಿಂದ ಹಾಸ್ಯ ಮಾಡುತ್ತಿದ್ದರು. ಹಾಸ್ಯ ಮಾಡಿದರೂ ಅವಳ ಸಹಿ ಬೀಳುವತನಕ ಕಾಯುತ್ತಿದ್ದರು. ಯಾಕೆಂದರೆ ನಗರದ ಕಟ್ಟಡ ಕಚೇರಿ ಹೊಸದೊಂದು ನೀತಿ ತಂದಿತ್ತು: ಗೋಡೆ, ಚಾವಣಿಗಳನ್ನು ಸೈಟಿನಲ್ಲಿ ಕಟ್ಟದೆ ಫ್ಯಾಕ್ಟರಿಯಲ್ಲೇ ಎರಕ ಹೊಯ್ದು ತಂದು ಜೋಡಿಸಿದರೆ ಸಾಮಾನು ಹಾಳಾಗುವುದು ಕಡಿಮೆ, ಲಾರಿ ಓಡಾಟ ಕಡಿಮೆ, ಇಂಗಾಲವೂ ಕಡಿಮೆ. ಹಾಗೆ ಕಟ್ಟಿ ಇಂಗಾಲದ ಲೆಕ್ಕವನ್ನು ಕಚೇರಿ ಹಾಕಿದ ಗೆರೆಯ ಕೆಳಗೆ ಇಳಿಸಿದವರಿಗೆ ಒಂದು ಅಂತಸ್ತು ಹೆಚ್ಚಿಗೆ ಏರಿಸಲು ಅನುಮತಿ. ಅಂತಸ್ತು ಸಿಗುತ್ತದೆ ಅಂದರೆ ಬಿಲ್ಡರುಗಳು ಬಿಡುತ್ತಾರೆಯೇ? ಊರಿಗೆ ಊರೇ ಫ್ಯಾಕ್ಟರಿ ಗೋಡೆಗೆ ಮುಗಿಬಿದ್ದಿತ್ತು.

ನೀತಿ ಕೆಟ್ಟದ್ದಾಗಿರಲಿಲ್ಲ. ಅದನ್ನು ಬರೆಯುವಾಗ ಮೂಲೆಯಲ್ಲಿ ಕುಳಿತು ಅಂಕಿಗಳನ್ನು ಒದಗಿಸಿದವರಲ್ಲಿ ಅವಳೂ ಒಬ್ಬಳು. ಅದನ್ನು ಅವಳು ಮನಸಾರೆ ನಂಬಿದ್ದಳು. ಆದರೆ ಎರಕ ಹೊಯ್ದ ಕಾಂಕ್ರೀಟ್ ತಾನಾಗಿ ಗಟ್ಟಿಯಾಗಲು ದಿನಗಳು ಬೇಕು. ಮಾರನೆಯ ಬೆಳಿಗ್ಗೆಯೇ ಅಚ್ಚು ಖಾಲಿಯಾಗಬೇಕಾದರೆ ಹಗಲೂ ರಾತ್ರಿ ಹಬೆ ಕೊಡಬೇಕು. ಹಬೆಗೆ ಬಾಯ್ಲರ್, ಬಾಯ್ಲರಿಗೆ ಬೆಂಕಿ. ಆ ಬೆಂಕಿ ಗ್ಯಾಸಿನದು ಎಂದು ಕಚೇರಿಯ ಲೆಕ್ಕ ಮೊದಲೇ ಒಪ್ಪಿಕೊಂಡಿತ್ತು. ಅದಕ್ಕೊಂದು ಚಿಕ್ಕ ಅಂಕಿಯನ್ನೂ ಗೊತ್ತು ಮಾಡಿಟ್ಟಿತ್ತು. ಪ್ರತಿ ಸಲ ಫ್ಯಾಕ್ಟರಿಗೆ ಹೋಗಿ ನೋಡುವ ಪದ್ಧತಿ ಇರಲಿಲ್ಲ. ಅನುಮಾನ ಬಂದರೆ ಹೋಗಬಹುದು, ಅಷ್ಟೇ. ಅವಳಿಗೆ ಯಾವತ್ತೂ ಅನುಮಾನ ಬಂದಿರಲಿಲ್ಲ. ಬರುವುದಾದರೂ ಹೇಗೆ? ಈ ಗೋಡೆಗಳು ಬರುವ ಫ್ಯಾಕ್ಟರಿಯಲ್ಲಿ ಹಗಲು ಪಾಳಿಯ ಬಾಯ್ಲರ್ ನಡೆಸುವವನು ಅವಳ ಗಂಡನೇ ಆಗಿದ್ದ.

ಹಾಗೆಂದು ಗಂಡನ ಮೇಲೆ ಅವಳಿಗೆ ಅನುಮಾನವೇ ಇರಲಿಲ್ಲ ಎಂದಲ್ಲ. ಇತ್ತು, ಹೊಟ್ಟೆ ತುಂಬ ಇತ್ತು. ಅದು ಬೇರೆ ಬಗೆಯದು.

ಸಂಜೆ ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಕರೆಂಟಿನ ಒಲೆಯೊಡನೆ ಜಗಳಕ್ಕೆ ನಿಂತಿದ್ದರು. ರಸ್ತೆ ಅಗೆಯುವವರು ಗ್ಯಾಸಿನ ದೊಡ್ಡ ಪೈಪನ್ನೇ ಒಡೆದುಹಾಕಿ, ಊರಿನ ಆ ಭಾಗಕ್ಕೆಲ್ಲ ವಾರದಿಂದ ಗ್ಯಾಸ್ ಬಂದ್ ಆಗಿತ್ತು. ಒಲೆ ಕೆಂಪಗಾಗುವುದಕ್ಕೇ ಅರ್ಧ ಆಯುಷ್ಯ ಬೇಕು ಎಂದು ಅತ್ತೆ ಗೊಣಗುತ್ತಿದ್ದರು. ಅವಳು ಬಟ್ಟೆ ಬದಲಿಸಿ ಬರುವುದನ್ನೇ ಕಾಯುತ್ತಿದ್ದವರ ಹಾಗೆ ದನಿ ತಗ್ಗಿಸಿದರು.

"ಇವತ್ತೂ ಒಗೆಯೋಕೆ ಅವನ ಬನಿಯನ್ ಇರ್ಲಿಲ್ಲ ಕಣಮ್ಮ."

"ಫ್ಯಾಕ್ಟರೀಲೇ ಒಗೀತಾರಂತೆ ಅತ್ತೆ."

"ಈ ಮನೇಲಿ ಕುಡಿದ ಲೋಟ ಎತ್ತಿಡದೋನು ಅಲ್ಲಿ ಬನಿಯನ್ ಒಗೀತಾನಾ? ಯಾರ ಕಿವಿಗೆ ಹೂ ಇಡ್ತೀರಾ? ನನ್ನ ಮಗ ಅಂತ ನಾನು ಮುಚ್ಚಿಡೋಳಲ್ಲ. ಬಾಯ್ಲರ್ ಕೆಲಸ ಮಾಡೋನು ತಲೆಗೆ ನೀರು ಹಾಕ್ಕೊಂಡು, ಮಲ್ಲಿಗೆ ಸೋಪಿನ ವಾಸನೆ ಹೊಡೀತಾ ಮನೆಗೆ ಬರ್ತಾನೆ ಅಂದ್ರೆ ಏನರ್ಥ? ಕೇಳು. ಕೈ ಹಿಡಿದೋಳು ನೀನು, ನಾನಲ್ಲ."

ಕೇಳಬೇಕೆಂದು ಅವಳಿಗೂ ಎಷ್ಟೋ ಸಲ ನಾಲಿಗೆ ತುದಿಗೆ ಬಂದಿತ್ತು. ತಿಂಗಳುಗಳಿಂದ ಹೀಗೇ ನಡೆದಿತ್ತು. ಅವನು ಮಲಗಿದ ಮೇಲೆ ದಿಂಬು ಮೂಸಿದ್ದಳು. ಅವನು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದ್ದಳು. ಅದರಲ್ಲಿ ಕ್ರಿಕೆಟ್ಟು, ಅಮ್ಮನ ಮಾತ್ರೆಗಳ ಫೋಟೋ ಬಿಟ್ಟರೆ ಏನೂ ಇರಲಿಲ್ಲ. ಏನೂ ಸಿಗದಿದ್ದುದಕ್ಕೆ ಸಮಾಧಾನವಾಗುವ ಬದಲು, ಇವನು ಎಷ್ಟು ಜಾಣ ಎಂದು ಹೊಟ್ಟೆ ಉರಿದಿತ್ತು. ಅನುಮಾನ ಹಾಗೆಯೇ. ಊಟ ಹಾಕದಿದ್ದರೂ ಬೆಳೆಯುತ್ತದೆ. ತನ್ನ ಮೇಲೇ ಅವಳಿಗೆ ಹೇಸಿಗೆಯಾಗಿತ್ತು. ಕೇಳಿಬಿಟ್ಟರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

"ಅನ್ನ ಆಯ್ತಾ ಅತ್ತೆ?" ಎಂದು ಮಾತು ತಿರುಗಿಸಿದಳು.

"ಎಲ್ಲಿ ಆಗುತ್ತೆ? ಆಗ್ಲಿಂದ ಇಟ್ಟಿದ್ದೀನಿ, ಅಕ್ಕಿ ಅಕ್ಕಿಯಾಗೇ ಇದೆ. ಒಲೆ ಉರೀದೆ ಅನ್ನ ಬೇಯುತ್ತಾ?"

ಪಾತ್ರೆಯ ಮುಚ್ಚಳ ತೆಗೆಯಲು ಹೋದ ಅವಳ ಕೈ ಅಲ್ಲೇ ನಿಂತಿತು.

ಫ್ಯಾಕ್ಟರಿ ಇರುವುದು ಇದೇ ರಸ್ತೆಯ ಕೊನೆಯಲ್ಲಿ. ಅದಕ್ಕೂ ಇದೇ ಪೈಪು. ಮನೆಗೆ ಗ್ಯಾಸ್ ಇಲ್ಲದ ಮೇಲೆ ಬಾಯ್ಲರಿಗೆ ಎಲ್ಲಿಂದ ಬಂತು? ಒಲೆ ಉರಿಯದೆ ಆ ಗೋಡೆ ಬೆಂದದ್ದು ಹೇಗೆ? ಬೆಳಿಗ್ಗೆ ಅಂಗೈಗೆ ತಾಗಿದ್ದು ಯಾವ ಬೆಂಕಿಯ ಬಿಸಿ?

ಒಂದು ಗಂಟು ಬಿಚ್ಚಿದರೆ ಇನ್ನೊಂದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಏನನ್ನು ಸುಟ್ಟರೆ ಮೈಗೆ ಅಂಥ ನಾತ ಹತ್ತುತ್ತದೆ? ಎಂಥ ನಾತವಾದರೆ ಮನುಷ್ಯ ತಲೆಗೂದಲನ್ನೂ ತೊಳೆದುಕೊಂಡು, ಬನಿಯನ್ನನ್ನು ಅಲ್ಲೇ ಬಿಟ್ಟು ಹೆಂಡತಿಯ ಹತ್ತಿರ ಬರಬೇಕು? ಅವಳಿಗೆ ಮೊದಲು ಬಂದದ್ದು ನಾಚಿಕೆಗೆಟ್ಟ ಸಂತೋಷ. ಹಾಗಾದರೆ ಹೆಂಗಸು ಯಾರೂ ಇಲ್ಲ! ಮರುಕ್ಷಣ ಕಾಲಿನ ಕೆಳಗಿನ ನೆಲ ಜಾರಿತು. ಹೆಂಗಸು ಇದ್ದಿದ್ದರೆ ಮನೆಯ ಮಾನ ಹೋಗುತ್ತಿತ್ತು, ಅತ್ತು ಕರೆದು ಏನಾದರೂ ಮಾಡಬಹುದಿತ್ತು. ಇದರ ಮೇಲೆ ಅವಳ ಸಹಿ ಇತ್ತು.

ಅವನು ಬಂದಾಗ ಇನ್ನೂ ಬೆಳಕಿತ್ತು. ಕೂದಲು ಒದ್ದೆ. ಮೊದಲು ಬಂದದ್ದು ಮಲ್ಲಿಗೆ ಸೋಪಿನ ಘಮ, ಅವನು ಆಮೇಲೆ ಬಂದ. ಅವಳು ಅವನನ್ನು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಮಹಡಿಗೆ ಕರೆದುಕೊಂಡು ಹೋದಳು. ಒಂದೇ ಬೀದಿಯಲ್ಲಿ ಆಡಿ ಬೆಳೆದು ಮದುವೆಯಾದವರು. ಅವರ ನಡುವೆ ಬಹುವಚನದ ಬಿಗುಮಾನ ಇರಲಿಲ್ಲ.

"ಬಾಯ್ಲರಿಗೆ ಏನು ಹಾಕ್ತಿದ್ದೀಯಾ?" ಎಂದು ನೇರವಾಗಿಯೇ ಕೇಳಿದಳು.

"ಗ್ಯಾಸು."

"ಗ್ಯಾಸ್ ಬಂದ್ ಆಗಿ ವಾರ ಆಯ್ತು. ನಿಮ್ಮಮ್ಮಂಗೆ ಅನ್ನ ಮಾಡೋಕೇ ಸಿಗ್ತಿಲ್ಲ."

ಅವನು ದಾರದ ಮೇಲಿನ ಟವೆಲ್ಲನ್ನು ತೆಗೆದು ಮಡಿಸಿದ. ಬಿಚ್ಚಿ ಮತ್ತೆ ಮಡಿಸಿದ. ಜನ್ಮದಲ್ಲಿ ಬಟ್ಟೆ ಮಡಿಸದವನು.

"ಟೈರು," ಎಂದ ಕೊನೆಗೆ. "ಹಿಂದುಗಡೆ ಹಳೇ ಬಾಯ್ಲರ್ ಇದೆಯಲ್ಲ, ಮೊದಲು ಸೌದೆ ಹಾಕ್ತಿದ್ದದ್ದು. ಅದಕ್ಕೆ ಹಳೇ ಟೈರು ಹಾಕೋದು. ನಿಮ್ಮ ನೀತಿ ಬಂದ್ಮೇಲೆ ಅಚ್ಚುಗಳು ಎರಡು ಪಟ್ಟು ಆದ್ವು. ಗ್ಯಾಸಿನ ಬಾಯ್ಲರ್ ಅಷ್ಟಕ್ಕೆಲ್ಲ ಹಬೆ ಕೊಡಲ್ಲ ಕಣೇ. ಅದು ಮುಂದುಗಡೆ ಇದೆ, ಬಂದೋರಿಗೆ ತೋರಿಸೋಕೆ."

"ಅಂದ್ರೆ ಗ್ಯಾಸ್ ನಿಲ್ಲೋಕ್ಕಿಂತ ಮುಂಚಿಂದ್ಲೂ?"

ಅವನು ಮಡಿಸಿದ ಟವೆಲ್ಲನ್ನು ಮತ್ತೆ ದಾರದ ಮೇಲೇ ಹಾಕಿದ.

"ನಂಗೆ ಯಾಕೆ ಹೇಳ್ಲಿಲ್ಲ? ನಾನು ಒಂದೊಂದು ಕಟ್ಟಡಕ್ಕೂ ಕಡಿಮೆ ಹೊಗೆ, ಕಡಿಮೆ ಹೊಗೆ ಅಂತ ಸಹಿ ಹಾಕ್ತಾ ಕೂತಿದ್ದೆ. ನೀನು ಇಲ್ಲಿ ಟೈರ್ ಸುಡ್ತಿದ್ದೆ!"

"ಅದಕ್ಕೇ ಹೇಳ್ಲಿಲ್ಲ." ಅವನು ತಲೆ ಎತ್ತಿದ. "ಹೇಳಿದ್ರೆ ನೀನು ಸಹಿ ಹಾಕ್ತಿದ್ದಾ? ಇಲ್ಲ. ಹಾಕಿದ್ರೆ ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕ್ದಂಗಾಗ್ತಿತ್ತು. ನಿಂಗೆ ಗೊತ್ತಿಲ್ದೇ ಇದ್ರೆ ನೀನು ಸುಳ್ಳಿ ಆಗಲ್ವಲ್ಲ. ಅದಕ್ಕೇ ಅಲ್ಲೇ ಉಜ್ಜಿ ಉಜ್ಜಿ ತೊಳ್ಕೊಂಡು ಬರ್ತಿದ್ದೆ. ಚರ್ಮ ಸುಲಿಯೋ ಥರ."

ಅವಳಿಗೆ ಅಳು ಬಂತು. ಅದರ ಬೆನ್ನಲ್ಲೇ ಅನುಮಾನವೂ ಬಂತು. ಇವನು ನಿಜವಾಗಿ ತನ್ನ ಮಾನ ಕಾಯಲು ಮೈ ತೊಳೆದನೋ, ಇಲ್ಲ ಸಿಕ್ಕಿಬಿದ್ದ ಮೇಲೆ ಈಗ ಹೊಳೆದ ಜಾಣತನವೋ ಇದು? ಅಂಗಿಯ ತೋಳು ಸರಿಸಿ ನೋಡಿದಳು. ಮೊಣಕೈ ಹತ್ತಿರ ಚರ್ಮ ಕೆಂಪಾಗಿ ಸಿಪ್ಪೆ ಎದ್ದಿತ್ತು. ಸೋಪಿಗೂ ಹಾಗಾಗಬಹುದು, ಬೆಂಕಿಗೂ ಹಾಗಾಗಬಹುದು.

"ನಾಳೆ ನಾನು ಫ್ಯಾಕ್ಟರಿಗೆ ಬರ್ತೀನಿ," ಎಂದಳು.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತಪಾಸಣೆಗೆ ಹೋಗುವವರು ಮುಂಚೆ ಬಾಯಿ ಬಿಡಬಾರದು. ಕೆಲಸಕ್ಕೆ ಸೇರಿದ ದಿನವೇ ಕಲಿತ ಪಾಠ ಅದು. ಬಾಯ್ಲರಿನವನನ್ನು ಕಟ್ಟಿಕೊಂಡ ತಪಾಸಣೆಯವಳು ಮಾತ್ರ ಮಾಡಬಹುದಾದ ತಪ್ಪನ್ನು ಅವಳು ಮಾಡಿದ್ದಳು.

"ಬರಬೇಡ," ಎಂದ ಅವನು. "ಬೆಂಕಿ ಹಾಕಿದ ಕೈ ನಂದು. ಮಾಲೀಕ ನಂಗೇನೂ ಗೊತ್ತಿಲ್ಲ ಅಂತ ಕೈ ತೊಳ್ಕೋತಾನೆ. ಮೊದ್ಲು ಸಿಕ್ಕಿಹಾಕ್ಕೊಳೋನು ನಾನೇ. ಆಮೇಲೆ ಬಾಯ್ಲರ್ ಕೆಲಸಕ್ಕೆ ನನ್ನನ್ನ ಯಾರೂ ಹತ್ರಾನೂ ಸೇರಿಸಲ್ಲ."

"ಹೋಗ್ದೇ ಇದ್ರೆ?"

"ಹೋಗ್ದೇ ಇದ್ರೆ ಏನೂ ಇಲ್ಲ. ಹೆಂಗಿತ್ತೋ ಹಂಗೆ."

ಹೇಗಿತ್ತೋ ಹಾಗೆ ಇರುವುದು ಇನ್ನು ಸಾಧ್ಯವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕೆಳಗಿನಿಂದ ಅತ್ತೆ ಊಟಕ್ಕೆ ಕರೆದರು. ಅರೆಬೆಂದ ಅನ್ನವನ್ನು ಮೂವರೂ ಉಂಡರು. ಇಬ್ಬರ ಮುಖವನ್ನೂ ನೋಡಿದ ಅತ್ತೆ, ಹೆಂಗಸಿನ ವಿಷಯ ಇತ್ಯರ್ಥವಾಗಿರಬೇಕೆಂದುಕೊಂಡು ಮಗನ ತಟ್ಟೆಗೆ ಮೊಟ್ಟೆ ಹಾಕಲಿಲ್ಲ.

ಬೆಳಿಗ್ಗೆ ಅವನು ದಿನಕ್ಕಿಂತ ಮುಂಚೆ ಹೊರಟುಹೋದ. ಯಾಕೆ ಮುಂಚೆ? ಅವಳು ಕಿಟಕಿಯಲ್ಲಿ ನಿಂತು ಅವನ ಸ್ಕೂಟರ್ ತಿರುವಿನಲ್ಲಿ ಮರೆಯಾಗುವುದನ್ನು ನೋಡಿದಳು. ಆ ಹೊತ್ತಿಗೆ ಅವನ ಒಂದು ಕೈ ಕಿವಿಯ ಹತ್ತಿರ ಹೋದಂತೆ ಕಂಡಿತು. ಫೋನೋ, ತುರಿಕೆಯೋ?

ಕಚೇರಿಯಲ್ಲಿ ಜೀಪು ಕೇಳಿದಾಗ ದೊಡ್ಡ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ನೀತಿಗೆ ಪ್ರಶಸ್ತಿ ತರಬೇಕೆಂದು ಓಡಾಡುತ್ತಿದ್ದ ಮನುಷ್ಯ ಅವರು. ಈ ಊರಿನ ಇಂಗಾಲ ಇಷ್ಟು ಇಳಿದಿದೆ ಎಂಬ ಅಂಕಿಯನ್ನು ಮೊಮ್ಮಗನ ಮಾರ್ಕಿನ ಹಾಗೆ ಎಲ್ಲ ಕಡೆ ಹೇಳಿಕೊಂಡು ಬರುತ್ತಿದ್ದರು. ಆ ಅಂಕಿಯನ್ನು ಅವರಿಗೆ ಮಾಡಿಕೊಟ್ಟವಳೂ ಇವಳೇ.

"ಗೋಡೆ ಬೆಚ್ಚಗಿತ್ತು ಅಂತ ತಪಾಸಣೆಗೆ ಹೋಗ್ತೀರಾ?" ಎಂದು ನಕ್ಕರು. "ತಣ್ಣಗಿದ್ರೆ ತಣ್ಣಗಿತ್ತು ಅಂತೀರಿ. ಹೋಗ್ಬನ್ನಿ, ಬೇಡ ಅನ್ನಲ್ಲ. ಟೀ ಕುಡ್ಕೊಂಡು ನಿಧಾನಕ್ಕೆ ಹೊರಡಿ. ನಿಮ್ಮ ಯಜಮಾನ್ರು ಅಲ್ಲೇ ಅಲ್ವಾ ಇರೋದು? ಮನೆ ಜನದ ವಿಷಯ, ಸ್ವಲ್ಪ ಹುಷಾರು."

ಡ್ರೈವರ್ ಸಿಗಲಿಲ್ಲ, ಸಿಕ್ಕ ಮೇಲೆ ಕೀಲಿ ಸಿಗಲಿಲ್ಲ. ಜೀಪು ಹೊರಡುವ ಹೊತ್ತಿಗೆ ಕಚೇರಿಯ ಅಂಗಳದಲ್ಲಿ ಬಿಸಿಲು ಬಿದ್ದಿತ್ತು.

ಫ್ಯಾಕ್ಟರಿಯ ಗೇಟು ಹಾರು ಹೊಡೆದಿತ್ತು. ಒಳಗಿನ ಅಂಗಳವನ್ನು ಗುಡಿಸಿ ನೀರು ಚಿಮುಕಿಸಿದ್ದರು. ಇನ್ನೂ ಹಸಿ ಆರಿರಲಿಲ್ಲ. ಸಾಲಾಗಿ ನಿಂತ ಗೋಡೆಗಳು, ಅವುಗಳ ನಡುವೆ ಹುಲ್ಲುಕಡ್ಡಿಯೂ ಇಲ್ಲ. ಒಂದು ಟೈರು? ಲಾರಿಗಳ ಕೆಳಗೆ ಇದ್ದವನ್ನು ಬಿಟ್ಟರೆ ಕಾಣಲಿಲ್ಲ.

"ಬನ್ನಿ ಮೇಡಂ, ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ," ಎಂದು ಮಾಲೀಕ ಎದುರುಗೊಂಡ. ಕ್ಷೌರ ಮಾಡಿದ ಕೆನ್ನೆಯ ದಪ್ಪ ಮನುಷ್ಯ. ಟ್ರೇಯಲ್ಲಿ ಟೀ ಆಗಲೇ ಸಿದ್ಧವಿತ್ತು.

ಹೇಳಿಬಿಟ್ಟಿದ್ದಾನೆ. ತನ್ನ ಮಾತನ್ನು ಮಹಡಿಯಿಂದ ಹೊತ್ತು ತಂದು ಇವನ ಕೈಗೆ ಕೊಟ್ಟಿದ್ದಾನೆ. ಅತ್ತೆಯ ಅನುಮಾನವೇ ಸರಿ, ಮೈ ತೊಳೆದುಕೊಂಡು ಮನೆಗೆ ಬರುವವನನ್ನು ನಂಬಬಾರದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಸುಸ್ತಾಯಿತು. ಜೀಪು ಹತ್ತಿ ವಾಪಸು ಹೋಗಿಬಿಡೋಣ ಅನ್ನಿಸಿತು. ಹೋಗಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

"ಬಾಯ್ಲರ್ ತೋರಿಸಿ," ಎಂದಳು.

ಮಾಲೀಕ ಗ್ಯಾಸಿನ ಬಾಯ್ಲರನ್ನು ಹೊಸ ಸೊಸೆಯ ಹಾಗೆ ತೋರಿಸಿದ. ಬೆಳ್ಳಗೆ ಹೊಳೆಯುತ್ತಿತ್ತು. ಗ್ಯಾಸ್ ಇಲ್ಲದೆ ವಾರದಿಂದ ಗೋಡೆ ಹೇಗೆ ಮಾಡುತ್ತಿದ್ದೀರಿ ಎಂದು ಕೇಳಿದರೆ ಅದಕ್ಕೂ ಉತ್ತರವಿತ್ತು. "ಕರೆಂಟ್ ಹೀಟರ್ ತರಿಸಿದ್ವಿ ಮೇಡಂ, ಬಾಡಿಗೆಗೆ. ಕೈಯಿಂದ ದುಡ್ಡು ಹಾಕಿದ್ದೀನಿ, ನಿಮ್ಮ ನೀತಿಗೆ ಭಂಗ ಬರಬಾರ್ದು ಅಂತ." ಮೂಲೆಯಲ್ಲಿ ಹೀಟರೂ ಇತ್ತು. ಅದರ ವೈರಿಗೆ ಸುತ್ತಿದ್ದ ಹೊಸ ದಾರವನ್ನು ಇನ್ನೂ ಬಿಚ್ಚಿರಲಿಲ್ಲ.

"ಹಿಂದುಗಡೆ ಇರೋದು?"

"ಅದಾ? ಅದು ಸತ್ತು ಎಷ್ಟು ಕಾಲ ಆಯ್ತು. ಗುಜರಿಗೆ ಹಾಕ್ಬೇಕು, ಹಾಕ್ಬೇಕು ಅಂತ ಹಾಗೇ ಉಳ್ಕೊಂಡಿದೆ."

ಅವಳು ನಡೆದಳು. ಅವನು ಹಿಂದೆ ಓಡಿದ. ತಗಡಿನ ಮಾಡಿನ ಕೆಳಗೆ ಹಳೆಯ ಬಾಯ್ಲರ್ ಕಪ್ಪಗೆ ಕುಳಿತಿತ್ತು. ಅದರ ಕುಲುಮೆಯ ಬಾಗಿಲಿಗೆ ಬೆಳಿಗ್ಗೆಯೇ ಬಳಿದ ಬಣ್ಣ ಇನ್ನೂ ಅಂಟುತ್ತಿತ್ತು. ಪಕ್ಕದಲ್ಲಿ ಇಬ್ಬರು ಕೂಲಿಯವರೂ ಅವಳ ಗಂಡನೂ ನಿಂತಿದ್ದರು. ಅವನು ಅವಳತ್ತ ನೋಡಲಿಲ್ಲ. ಅವಳೂ ಅವನ ಮುಖ ನೋಡದೆ ಬೂಟನ್ನು ನೋಡಿದಳು.

"ಬಾಗಿಲು ತೆಗೆಸಿ."

"ಚಿಲಕ ತುಕ್ಕು ಹಿಡಿದಿದೆ ಮೇಡಂ. ಮುರಿದ್ರೆ ಮತ್ತೆ ಯಾರ ತಲೆ ಮೇಲೋ ಬೀಳುತ್ತೆ. ಸುಮ್ನೆ ಯಾಕೆ? ಟೀ ಆರ್ತಾ ಇದೆ."

ಅವಳು ಮಾಲೀಕನನ್ನು ಬಿಟ್ಟು ಗಂಡನ ಕಡೆ ತಿರುಗಿದಳು. ದನಿ ಬೇರೆ ಯಾರದೋ ಅನ್ನಿಸುವ ಹಾಗೆ ಹೊರಗೆ ಬಂತು.

"ಇದನ್ನ ನಡೆಸೋರು ಯಾರು? ನೀವೇನಾ? ನೀವು ತೆಗೀತೀರಾ?"

ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರಿಬ್ಬರು ಗಂಡಹೆಂಡಿರು ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನು ಸೊಂಟಕ್ಕೆ ಸಿಕ್ಕಿಸಿದ್ದ ಕೈಗವಸು ತೆಗೆದು ಹಾಕಿಕೊಂಡ.

"ಸರಿ ಮೇಡಂ," ಎಂದ.

ತುಕ್ಕು ಹಿಡಿದ ಚಿಲಕ ಒಂದೇ ಎಳೆತಕ್ಕೆ ಬಂತು. ಒಳಗಿನಿಂದ ಧಗೆ ಮುಖಕ್ಕೆ ಹೊಡೆಯಿತು. ಅದರ ಹಿಂದೆಯೇ ನಾತ ಬಂತು, ಕೂಲಿಯವರಲ್ಲೊಬ್ಬ ಕೆಮ್ಮಿದ. ಅವಳ ಗಂಡ ಉದ್ದನೆಯ ಕೊಕ್ಕೆಯನ್ನು ಕುಲುಮೆಯೊಳಗೆ ಹಾಕಿ ಬೂದಿಯನ್ನು ಬಾಚಿ ಎಳೆದ. ಬೂದಿಯ ಜೊತೆಗೆ ತಂತಿಯ ಬಳೆಗಳು ಬಂದವು. ಟೈರು ಸುಟ್ಟರೂ ಅದರ ಒಳಗಿನ ಉಕ್ಕಿನ ತಂತಿ ಸುಡುವುದಿಲ್ಲ. ಒಂದಕ್ಕೊಂದು ಹೆಣೆದುಕೊಂಡ ಕಪ್ಪು ತಂತಿಯ ಬಳೆಗಳು, ಎಳೆದಷ್ಟೂ ಬರುತ್ತಲೇ ಇದ್ದವು.

"ಸಾಹೇಬ್ರ ಫೋನ್ ಬಂದ ತಕ್ಷಣ ಎಲ್ಲಾ ಬಾಚಿ ಹಾಕು ಅಂದಿದ್ನಲ್ಲೋ ನಿಂಗೆ!" ಎಂದು ಮಾಲೀಕ ಅವಳ ಗಂಡನ ಮೇಲೆ ಕಿರುಚಿದ. ಕಿರುಚಿದ ಮೇಲೆ ತನ್ನ ಬಾಯಿಂದ ಏನು ಬಂತೆಂದು ಅವನಿಗೇ ಕೇಳಿಸಿತು. ಕೆನ್ನೆಯ ಮೇಲಿನ ನಗು ಸುಕ್ಕಾಗಿ ಹಾಗೇ ಉಳಿಯಿತು.

ಹಾಗಾದರೆ ಸುದ್ದಿ ಮುಟ್ಟಿಸಿದ್ದು ಕಚೇರಿಯ ದೊಡ್ಡ ಸಾಹೇಬರು, ಗಂಡನಲ್ಲ. ಅವನು ಮಾಲೀಕನ ಕಡೆ ತಿರುಗದೆ ಇನ್ನೊಮ್ಮೆ ಕೊಕ್ಕೆ ಹಾಕಿದ. ಇನ್ನಷ್ಟು ತಂತಿ ಎಳೆದು ರಾಶಿಗೆ ಸೇರಿಸಿದ. ಮೂಲೆಗಳಿಗೂ ಕೊಕ್ಕೆ ಹಾಕಿ, ಏನೂ ಒಳಗೆ ಉಳಿಯದ ಹಾಗೆ ಬಾಚಿದ. ಆಮೇಲೆ ಕೊಕ್ಕೆಯನ್ನು ನೆಲಕ್ಕೆ ಊರಿ ರಾಶಿಯ ಪಕ್ಕದಲ್ಲೇ ನಿಂತ.

ಅವಳು ಫೋನ್ ತೆಗೆದಳು. ವರದಿಗೆ ಫೋಟೋ ಬೇಕು. ಎರಡೂ ಕೈಯಲ್ಲಿ ಹಿಡಿದಳು. ಪರದೆಯಲ್ಲಿ ತೆರೆದ ಕುಲುಮೆ ಕಂಡಿತು, ಬೂದಿ ಕಂಡಿತು, ತಂತಿಯ ರಾಶಿ ಕಂಡಿತು, ಅದಕ್ಕೆ ಅಂಟಿಕೊಂಡಂತೆ ಅವನೂ ಕಂಡ, ಬೂಟಿನಿಂದ ಮುಖದವರೆಗೆ. ಪಕ್ಕಕ್ಕೆ ಹೋಗು ಎಂದು ಅವಳು ಕೈಯಲ್ಲೇ ಸನ್ನೆ ಮಾಡಿದಳು. ಅವನಿಗೆ ಕಾಣಿಸಲಿಲ್ಲವೇನೋ ಎಂದು ಇನ್ನೊಮ್ಮೆ ಮಾಡಿದಳು.

ಅವನು ಸರಿಯಲಿಲ್ಲ. ಕೊಕ್ಕೆ ಹಿಡಿದು ನೆಟ್ಟಗೆ ಅವಳನ್ನೇ ನೋಡುತ್ತ ನಿಂತ. ಅವಳು ಫೋಟೋ ತೆಗೆದಳು.